ಗೋಡೆ ತಟ್ಟುವ ಪದ್ಮನಾಭರಾಯರು

ಪದ್ಮನಾಭರಾಯರು ಯಾವ ಗೋಡೆಯನ್ನೂ ಸುಮ್ಮನೆ ದಾಟಿ ಹೋದವರಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕತ್ತು ಓರೆ ಮಾಡಿ, ವೈದ್ಯರು ಎದೆಬಡಿತ ಆಲಿಸುವ ಗಾಂಭೀರ್ಯದಿಂದ ಆಲಿಸಿ, ಗಟ್ಟಿಯಾಗಿದ್ದರೆ "ಹ್ಞೂಂ" ಎನ್ನುವರು. ಪೊಳ್ಳಾಗಿದ್ದರೆ ಬರೀ ನಿಟ್ಟುಸಿರು. ನನ್ನ ಬಾಡಿಗೆ ಫ್ಲ್ಯಾಟಿನ ನಾಲ್ಕೂ ಗೋಡೆಗಳಿಗೆ ನಿಟ್ಟುಸಿರೇ ಸಿಕ್ಕಿತು. ಆಮೇಲೆ ನನ್ನತ್ತ ತಿರುಗಿ ನನಗೂ ಒಂದು ಬಿಟ್ಟರು.

ಸೂರತ್ತಿನ ಪಕ್ಕದ ಹಜೀರಾದ ಕಾರ್ಖಾನೆಯೊಂದರಲ್ಲಿ ಅವರು ಬೆಸುಗೆಗಳ ಪರೀಕ್ಷಕರು; ಅವರು ಪರೀಕ್ಷಿಸಿದ್ದನ್ನು ಕಂಪ್ಯೂಟರಿಗೆ ತುಂಬಿಸಿ ಎಂಜಿನಿಯರ್ ಎನಿಸಿಕೊಂಡವನು ನಾನು. ರಾಯರದು ಒಂಟಿ ಜೀವ. ಭಾನುವಾರವಾದರೆ, ಸೂರತ್ತಿನ ಸೆಕೆಯಲ್ಲೂ ಮುಂಗೈ ಗುಂಡಿ ಬಿಚ್ಚದ ತುಂಬುತೋಳಿನ ಅಂಗಿ ತೊಟ್ಟು, ತಾಪಿ ನದಿಯ ದಡದ ಹಳೆಯ ಕೋಟೆಗೆ ಹೊರಡುವರು. ಪೋರ್ಚುಗೀಸರ ಹಾವಳಿ ತಡೆಯಲೆಂದು ಗುಜರಾತಿನ ಸುಲ್ತಾನರ ಕಾಲದಲ್ಲಿ ಎದ್ದ ಕೋಟೆ ಅದು. ಕಲ್ಲಿಗೆ ಕಲ್ಲನ್ನು ಕಬ್ಬಿಣದ ಪಟ್ಟಿಯಿಂದ ಬಿಗಿದು, ಸಂದುಗಳಿಗೆ ಕರಗಿದ ಸೀಸ ಹೊಯ್ದರೆಂದು ಪ್ರತೀತಿ. ಬೆಸುಗೆಯವರಿಗೆ ಇದಕ್ಕಿಂತ ದೊಡ್ಡ ಪುರಾಣ ಬೇಕೆ? ಹನ್ನೊಂದು ವರ್ಷ ಅಳೆದು, ಓದಿ, ಮೂರು ನೋಟುಪುಸ್ತಕ ತುಂಬಿಸಿದ್ದರು, ಎಲ್ಲವೂ ಕನ್ನಡದಲ್ಲೇ. ಕನ್ನಡದವರ ಮುಂದೆ ಒಮ್ಮೆ ಅದನ್ನು ಅಡಿಪಾಯದಿಂದ ಗೋಡೆಯ ನೆತ್ತಿಯ ತೆನೆಯವರೆಗೆ ಹೇಳಿ ಮುಗಿಸಬೇಕೆಂಬುದೊಂದೇ ಅವರ ಆಸೆ.

ಕಳೆದ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಉಸ್ತುವಾರಿ, ಬೇರೆ ಕೆಲಸವಿಲ್ಲದ ಅವಿವಾಹಿತನೆಂಬ ಅರ್ಹತೆಯಿಂದ, ನನ್ನ ಪಾಲಿಗೆ ಬಂತು. ರಾಯರಿಗೆ ಇಪ್ಪತ್ತು ನಿಮಿಷ ಕೊಟ್ಟೆ: ಮಕ್ಕಳ ನೃತ್ಯದ ನಂತರ, ಊಟಕ್ಕೆ ಮುಂಚೆ. ಅದಕ್ಕಿಂತ ಕ್ರೂರವಾದ ಹೊತ್ತು ಪಂಚಾಂಗದಲ್ಲಿಲ್ಲವೆಂದು ಆಗ ತಿಳಿದಿರಲಿಲ್ಲ.

ವೇದಿಕೆ ಹತ್ತಿದ ರಾಯರು ಮಾತಿನಲ್ಲೇ ಕಂದಕ ತೋಡಿ, ಗೋಡೆಯನ್ನು ಎದೆಯೆತ್ತರಕ್ಕೆ ತಂದಿದ್ದರು. ಅಷ್ಟರಲ್ಲಿ ಬಿಸಿಬೇಳೆಬಾತಿನ ಘಮ ಒಳಬಂತು. ಮಕ್ಕಳು ಅಮ್ಮಂದಿರ ಬಳಿ ಗುಜರಾತಿಯಲ್ಲಿ ರಚ್ಚೆ ಹಿಡಿದವು. ಅಡುಗೆ ನೋಡಿಕೊಳ್ಳುತ್ತಿದ್ದ ರತ್ನಮ್ಮ ನನ್ನ ಪಕ್ಕ ಬಂದು, "ಲೋ, ಬಾತು ಆರಿದ್ರೆ ಕಲ್ಲಾಗತ್ತೆ ಕಣೋ. ಅವರ ಕೋಟೆ ಎಲ್ಲಿಗೂ ಓಡಿಹೋಗಲ್ಲ, ಮೈಕ್ ಇಸ್ಕೊಳೋ!" ಅಂದರು.

ಇಸಿದುಕೊಂಡೆ. "ರಾಯರು ಮುಂದುವರಿಸ್ತಾರೆ, ಹಸಿದವರು ಮಾತ್ರ…" ಎನ್ನುವಷ್ಟರಲ್ಲಿ ಸಭಾಂಗಣ ಖಾಲಿ.

"ಸೀಸ ಇನ್ನೂ ಹೊಯ್ದಿರಲಿಲ್ಲ ಕಣಯ್ಯ," ಎಂದರು ರಾಯರು ಮೆಲ್ಲಗೆ. "ಹೋಗು, ನೀನೂ ಉಣ್ಣು."

ಹೋದೆ, ನಾಚಿಕೆಗಿಂತ ಹಸಿವು ದೊಡ್ಡದಿತ್ತು. ತಟ್ಟೆ ಹಿಡಿದು ಬಾಗಿಲಿನಿಂದ ಇಣುಕಿದರೆ, ಅವರು ಮೈಕಿಲ್ಲದೆ, ಪುಟ ತಿರುವುತ್ತ, ಖಾಲಿ ಕುರ್ಚಿಗಳ ಸಾಲಿಗೆ ಕೋಟೆ ಕಟ್ಟುತ್ತಲೇ ಇದ್ದರು.

ಮುಂದಿನ ಭಾನುವಾರ ಪಶ್ಚಾತ್ತಾಪ ಹೊತ್ತು ಕೋಟೆಗೇ ಹೋಗಿ, "ಸರ್, ಉಳಿದದ್ದು ಹೇಳಿ, ಕೂತು ಕೇಳ್ತೀನಿ," ಎಂದೆ.

"ಅವತ್ತೇ ಹೇಳಿ ಮುಗಿಸಿದೆನಲ್ಲಯ್ಯ," ಎಂದರು. ಸಿಟ್ಟಿನ ಲವಲೇಶವೂ ಇರಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಪರವೂರುಗಳಲ್ಲಿ ಇಂಥವರು ಒಬ್ಬೊಬ್ಬರು ಇದ್ದೇ ಇರುತ್ತಾರೆ. ಯಾರೂ ಒಪ್ಪಿಸದ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತಾರೆ, ಯಾರನ್ನೂ ದೂರುವುದಿಲ್ಲ. ಕೊನೆಯ ಮಾತಿನವರೆಗೆ ಎದುರಿಗೆ ಕೂತಿರುವ ಒಂದು ಜೀವ ಅವರಿಗೆ ಬೇಕು. ಅದನ್ನು ಅವರು ಲೋಕದ ಮುಂದೆ ಬೇಡುವುದು ಒಂದೇ ಒಂದು ಸಲ.