ಕೊಳದ ನೀರು ಕದ್ದವರು

ಕಪ್ಪೆಗಳಿಗೆಂದು ಹಿತ್ತಲಲ್ಲಿ ನಾನು ಕಟ್ಟಿದ ಕೊಳದ ನೀರು ದಿನಕ್ಕೆರಡು ಬೆರಳು ಇಳಿಯುತ್ತಿತ್ತು. ಗೊದಮೊಟ್ಟೆಗಳಿಗೆ ಇನ್ನೂ ಕಾಲು ಮೂಡಿರಲಿಲ್ಲ. ಹೀಗೇ ಆದರೆ ವಾರದೊಳಗೆ ಎಲ್ಲವೂ ಒಣಗಿ ಸಾಯುತ್ತಿದ್ದವು. ಗಾರೆ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವನು ನಾನು, ತಳ ಸೋರುವ ಮಾತೇ ಇಲ್ಲ. ಬೇಲಿಯಾಚೆ ದರ್ಜಿ ಅಕ್ಕನ ಟೊಮೆಟೊ ಗಿಡಗಳು ಮಾತ್ರ ಕೊಬ್ಬುತ್ತಿದ್ದವು.

“ಗಿಡಕ್ಕೆ ಎಲ್ಲಿಂದ ನೀರು ಹಾಕ್ತೀಯಕ್ಕ?”

“ನಾನೆಲ್ಲಿ ಹಾಕ್ತೀನಪ್ಪ? ನೆಲ ತಾನಾಗೇ ಒದ್ದೆ ಇರುತ್ತೆ.”

ಯಾರ ಕಿವಿಗೆ ಹೂ ಇಡುತ್ತಾಳೆ ಎಂದುಕೊಂಡು ಮರುದಿನ ಬೆಳಿಗ್ಗೆಯಿಂದ ಬೇಲಿ ಪಕ್ಕ ಕುಕ್ಕರಗಾಲಲ್ಲಿ ಕೂತು ಕಾದೆ. ಮಧ್ಯಾಹ್ನವಾದರೂ ಯಾರೂ ಬರಲಿಲ್ಲ. ಕಾಲು ಜೋಮು ಹಿಡಿದು ನೆಲಕ್ಕೆ ಕೈ ಊರಿದರೆ ಅಂಗೈ ತೊಯ್ದಿತು. ಕೈಯಡಿ ಇದ್ದದ್ದು ನನ್ನದೇ ಗೋಣಿಚೀಲ. ಕಪ್ಪೆಮರಿಗಳು ಹತ್ತಿ ಬರಲೆಂದು ಒಂದು ತುದಿಯನ್ನು ನೀರಿಗೆ ಇಳಿಬಿಟ್ಟು, ಇನ್ನೊಂದನ್ನು ಬೇಲಿಯ ಬುಡಕ್ಕೆ ಹಾಸಿದ್ದವನು ನಾನೇ. ಬತ್ತಿ ಎಣ್ಣೆ ಹೀರುವಂತೆ ಅದು ನೀರೆಳೆದು ಅವಳ ಗಿಡಗಳಿಗೆ ಬಡಿಸುತ್ತಿತ್ತು.

ಚೀಲ ಕಿತ್ತು, ಮರಿಗಳು ಹತ್ತಲು ಅದರ ಬದಲು ಕಲ್ಲು ಜೋಡಿಸುವಾಗ ಅಕ್ಕ ಇಣುಕಿದಳು.

“ಕಳ್ಳ ಸಿಕ್ಕಿದನೇನಪ್ಪ?”

“ಸಿಕ್ಕಿದ ಕಣಕ್ಕ, ನಮ್ಮ ಮನೆಯವನೇ. ನಿನ್ನ ಬಾವಿಯಿಂದ ಎರಡು ಕೊಡ ನೀರು ಕೊಡ್ತೀಯಾ?”

“ಕೊಡ್ತೀನಿ. ನಾಳೆ ನನ್ನ ಗಿಡ ಬಾಡಿದ್ರೆ ಮಾತ್ರ ಬೇಲಿ ಪಕ್ಕ ಕೂತು ಕಾಯೋಳು ನಾನು.”