ಮಣ್ಣಿನ ದಿನದ ಮೀನು

ಮೊಜೆಲ್ ಒಂದು ಕಾಲನ್ನು ದೋಣಿಯೊಳಗೆ ಇಟ್ಟಳು. ಇನ್ನೊಂದು ಕಾಲು ಸೇತುವೆ ಕೆಳಗಿನ ಕೆಸರಿನಲ್ಲೇ ಹೂತುಕೊಂಡಿತ್ತು. ಅಷ್ಟರಲ್ಲಿ ದೋಣಿ ಮೆಲ್ಲಗೆ ಸರಿಯತೊಡಗಿತು.

"ಶೆರೆಲ್, ಹಿಡ್ಕೋ! ದೋಣಿ ಹಿಡ್ಕೋ ಅಂದೆ, ಬಾಯಲ್ಲ!"

ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಶೆರೆಲ್ ನೀರಿಗಿಳಿದು ಕಯಾಕಿನ ಹಿಂಬದಿ ಹಿಡಿದಳು. ಒಬ್ಬರೇ ಕೂರುವ ಹಳದಿ ಪ್ಲಾಸ್ಟಿಕ್ ದೋಣಿ ಅದು, ಸತ್ತುಹೋದ ವರ್ನೀಸಳದು. ವರ್ನೀಸ್ ಶೆರೆಲ್‌ಗೆ ಸೋದರತ್ತೆ. ಮೊಜೆಲ್ ಪಕ್ಕದ ಮನೆಯವಳು. ಕೋಳಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವರ್ನೀಸಳ ಪಕ್ಕದಲ್ಲೇ ನಿಂತು ಕೋಳಿ ಕತ್ತರಿಸಿದವಳು.

"ಚಿಕ್ಕಮ್ಮ, ನಿಂಗೆ ಈಜು ಬರುತ್ತಾ?"

"ಇಲ್ಲ."

"ಮತ್ತೆ ಮುಳುಗಿದ್ರೆ?"

"ಹನ್ನೊಂದು ಗಂಟೆಗೆ ವರ್ನೀಸಳ ಮಣ್ಣಿಗೆ ಪಾಸ್ಟರ್ ಹೇಗೂ ಬರ್ತಾರೆ. ಒಂದೇ ಪ್ರಾರ್ಥನೆ ಇಬ್ರಿಗೂ ಆಗುತ್ತೆ. ತಳ್ಳೇ!"

ಶೆರೆಲ್ ಅಳುತ್ತಲೇ ತಳ್ಳಿದಳು. ನಿನ್ನೆ ಸಂಜೆಯಿಂದ ಅವಳ ಅಳು ನಿಂತಿರಲಿಲ್ಲ. ಮಣ್ಣಿನ ಊಟಕ್ಕೆಂದು ಕಾರ್ಖಾನೆಯವರು ನಲವತ್ತು ಪೆಟ್ಟಿಗೆ ಕೋಳಿ ಕಳಿಸಿದ್ದರು, ಮೇಲೊಂದು ಸಂತಾಪದ ಕಾರ್ಡು ಬೇರೆ. ಹಿಡಿಸಿದಷ್ಟನ್ನು ಅತ್ತೆಯ ಫ್ರೀಜರಿನಲ್ಲಿ ತುಂಬಲು ಜಾಗ ಬೇಕಾಗಿ, ಶೆರೆಲ್ ಅಲ್ಲಿದ್ದ ಹತ್ತೊಂಬತ್ತು ಹಾಲಿನ ರಟ್ಟಿನ ಡಬ್ಬಗಳನ್ನು ತೆಗೆದು ಹಿತ್ತಲ ಮೆಟ್ಟಿಲ ಮೇಲೆ, ಜೂನ್ ತಿಂಗಳ ಬಿಸಿಲಿಗೆ ಇಟ್ಟಳು. ಮುದುಕಿ ಹಳೇ ಹಾಲು ಕೂಡಿಟ್ಟಿದ್ದಾಳೆ ಅಂದುಕೊಂಡಳು. ಶೆರೆಲ್ ಬೆಳೆದ ಡೆಟ್ರಾಯಿಟ್‌ನಲ್ಲಿ ಹಾಲಿನ ಡಬ್ಬದಲ್ಲಿ ಹಾಲೇ ಇರುತ್ತದೆ. ಇಲ್ಲಿ ಜಾರ್ಜಿಯಾದ ಹಳ್ಳಿಯಲ್ಲಿ ಅದರಲ್ಲಿ ನೀರು ಹಾಕಿ, ನೀರೊಳಗೆ ಬ್ರಿಮ್ ಮೀನು ಮಲಗಿಸಿ, ಮಂಜುಗಡ್ಡೆ ಕಟ್ಟಿಸುತ್ತಾರೆ. ವರ್ಷವಾದರೂ ಕೆಡುವುದಿಲ್ಲ. ಮೊಜೆಲ್ ಹೋಗಿ ನೋಡುವಾಗ ಡಬ್ಬಗಳು ಒದ್ದೆ ಮುದ್ದೆಯಾಗಿದ್ದವು. ಬೀದಿಯ ಬೆಕ್ಕುಗಳೆಲ್ಲ ವರ್ನೀಸಳ ತಿಥಿ ಉಂಡು ಮುಗಿಸಿದ್ದವು.

*

ಆ ಡಬ್ಬಗಳ ಹಿಂದೆ ಒಂದು ಮಾತಿತ್ತು.

ಇಪ್ಪತ್ತು ವರ್ಷದ ಹಿಂದೆ ವರ್ನೀಸಳ ತಾಯಿ ತೀರಿಕೊಂಡಾಗ ಕಾರ್ಖಾನೆ ಅವಳಿಗೆ ಕೊಟ್ಟಿದ್ದು ಅರ್ಧ ದಿನದ ರಜೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ನಿಂತು ಕತ್ತರಿಸಿ, ಬಚ್ಚಲಲ್ಲಿ ಬಟ್ಟೆ ಬದಲಿಸಿ, ತಾಯಿಯನ್ನು ಮಣ್ಣಿಗಿಟ್ಟು ಬಂದಳು. ಚರ್ಚಿನ ಊಟದ ಕೋಣೆಯಲ್ಲಿ ಯಾರೋ ಅವಳ ಮುಂದೆ ತಟ್ಟೆ ಇಟ್ಟರು. ಕರಿದ ಕೋಳಿ. ಕಾರ್ಖಾನೆಯವರೇ ಪುಕ್ಕಟೆ ಕಳಿಸಿದ್ದು.

"ಮೊಜೆಲ್, ಈ ತುಂಡು ನೋಡು," ಅಂದಳು ವರ್ನೀಸ್. "ಈ ಕಡಿತ ನನ್ನದು. ನನ್ನವ್ವನ ಮಣ್ಣಿಗೆ ಬಂದೋರು ನಾನು ಕಡಿದಿದ್ದನ್ನೇ ತಿಂತಿದಾರೆ. ಅವಳ ಉಸಿರು ಹೋಗುವಾಗ ನಾನು ಇದನ್ನ ಕಡೀತಿದ್ದೆ."

ಮೊಜೆಲ್ ಆ ತಟ್ಟೆಯನ್ನು ಆಚೆ ಸರಿಸಿದಳು.

"ನನ್ನ ಮಣ್ಣಿನ ದಿನ ಒಂದು ಕೋಳಿ ಕಾಲು ಆ ಬಾಗಿಲು ದಾಟಬಾರದು. ಬ್ರಿಮ್ ಹಾಕ್ಸು. ನಾನೇ ಹಿಡಿದು ಇಟ್ಟಿರ್ತೀನಿ. ಮಾತು ಕೊಡು."

ಮೊಜೆಲ್ ಕೊಟ್ಟಳು.

*

ತೊರೆ ಅಗಲವಾಗಿ ಕೆರೆಯಾಯಿತು. ಮೊಜೆಲ್ ಹುಟ್ಟನ್ನು ಪೊರಕೆಯಂತೆ ಹಿಡಿದು ನೀರು ಗುಡಿಸುತ್ತ ಸಾಗಿದಳು. ಪುಟ್ಟ ಕೆರೆ, ಆಚೆ ದಡದಲ್ಲಿ ಕೆಮ್ಮಿದರೆ ಈಚೆಗೆ ಕೇಳುವಷ್ಟು. ಇದನ್ನು ಅಗೆದವರು ಅವಳ ಅಜ್ಜ, ವರ್ನೀಸಳ ಅಜ್ಜ. ಹೇಸರಗತ್ತೆಗಳ ಜೊತೆ ಹೇಸರಗತ್ತೆಗಳಾಗಿ ಅಗೆದವರು. ಅಗೆದು ಮುಗಿದ ಮೇಲೆ ತಿಳಿನೀರು ಜಮೀನಿನ ಬಿಳಿ ಒಡೆಯನದಾಯಿತು, ಏರಿ ಕೆಳಗಿನ ಕೊಚ್ಚೆ ಇವರದಾಯಿತು. ಕೊಚ್ಚೆಯಲ್ಲಿ ನಿಂತು ಗಾಳ ಹಾಕಲು ಕಲಿತವರು ಮೊಜೆಲ್, ವರ್ನೀಸ್ ಇಬ್ಬರೂ. ಮೇಲಿನ ನೀರಿಗೆ ಕಾಲಿಟ್ಟರೆ ನಾಯಿ ಬಿಡುತ್ತಿದ್ದರು. ಈಗ ಒಡೆಯನೂ ಇಲ್ಲ, ನಾಯಿಯೂ ಇಲ್ಲ. ಸುತ್ತ ಹನ್ನೆರಡು ದೊಡ್ಡ ಮನೆ, ಗೇಟು, ಒಳಗೆ ಬರಕೂಡದೆಂಬ ಬೋರ್ಡು. ದಂಡೆ ಅವರದು, ಹರಿಯುವ ನೀರು ಅವರಪ್ಪನದಲ್ಲ ಎಂದು ವರ್ನೀಸ್ ನಿವೃತ್ತಿಯಾದ ತಿಂಗಳೇ ಈ ದೋಣಿ ಕೊಂಡಿದ್ದಳು.

"ಮೂಗಿನಿಂದ ಹುಡುಕು," ಅನ್ನುತ್ತಿದ್ದಳು. "ಕೊಯ್ದ ಕಲ್ಲಂಗಡಿ ವಾಸನೆ ಬಂತಾ? ಅಲ್ಲೇ ಬ್ರಿಮ್ ಗೂಡು ಮಾಡಿದೆ."

ಮೊಜೆಲ್ ನಗುತ್ತಿದ್ದಳು. ಈಗ ನಗಲಿಲ್ಲ. ಬಾಗಿದ ಮರದ ಹತ್ತಿರ ಗಾಳಿ ತಿರುಗಿತು. ಕಲ್ಲಂಗಡಿ! ಹಗ್ಗ ಕಟ್ಟಿದ ಇಟ್ಟಿಗೆಯನ್ನು ಲಂಗರಾಗಿ ನೀರಿಗೆ ಇಳಿಬಿಟ್ಟು, ಎರೆಹುಳ ಚುಚ್ಚಿ ಗಾಳ ಹಾಕಿದಳು. ತೇಲುಬೆಂಡು ನೀರು ಮುಟ್ಟುವಷ್ಟರಲ್ಲಿ ಮುಳುಗಿತು. ಅಂಗೈಯಗಲದ ಮೀನು, ಹೊಟ್ಟೆ ತಾಮ್ರದ ಬಣ್ಣ. ದೋಣಿ ಒಂದು ಕಡೆ ವಾಲಿತು. ಅವಳ ಜೀವವೂ ವಾಲಿತು. ಮತ್ತೆ ಎರಡೂ ನೆಟ್ಟಗಾದವು.

ಇಪ್ಪತ್ತಾರನೆಯ ಮೀನಿಗೆ ದಂಡೆಯ ಮೇಲೆ ಬ್ಯಾಟರಿ ಗಾಡಿ ಬಂದು ನಿಂತಿತು. ಕಾವಲುಗಾರ ಇಳಿದ.

"ಇಲ್ಲಿ ಇರೋ ಹಾಗಿಲ್ಲಮ್ಮ. ನೀವು ಆ ಇನ್ನೊಬ್ಬರಲ್ಲ ತಾನೇ? ಅವರಿಗೆ ಎಷ್ಟು ಸಲ ಹೇಳಿದೀನಿ, ಇಲ್ಲಿ ನಿಲ್ಲಬೇಡಿ ಅಂತ."

"ಅವಳು ಏನಂದಿದ್ಳು?"

"ನಿಂತಿಲ್ಲಪ್ಪ, ಕೂತಿದೀನಿ ಅಂತಿದ್ರು." ಅವನ ಮುಖದಲ್ಲಿ ನಗು ಬಂದು ಹೋಯಿತು. "ಎಲ್ಲಿ ಅವರು?"

"ಹನ್ನೊಂದಕ್ಕೆ ಮಣ್ಣು."

ಅವನು ಟೋಪಿ ತೆಗೆದ. ಆಮೇಲೆ ಮನೆಗಳ ಕಡೆ ನೋಡಿ ಮತ್ತೆ ಹಾಕಿಕೊಂಡ. "ಮನೆಯವರು ಎದ್ದು ನೋಡಿದ್ರೆ ನನ್ನ ಕೆಲಸ ಹೋಗುತ್ತಮ್ಮ."

"ನಿನ್ನ ಕೆಲಸ ಹೋಗುತ್ತೆ ಅಂತ ನೀನು ನನ್ನ ಓಡಿಸ್ತೀಯ. ನನ್ನ ಕೆಲಸ ಹೋಗುತ್ತೆ ಅಂತ ನಾನು ಮೂವತ್ತೊಂದು ವರ್ಷ ಉಚ್ಚೆ ಕಟ್ಟಿಕೊಂಡು ನಿಂತಿದ್ದೆ. ಇವತ್ತು ಒಂದಿನ ಕೂತ್ಕೋತೀನಿ, ಮಗಾ. ಪೊಲೀಸರನ್ನ ಕರೀಬೇಕಾದ್ರೆ ಕರಿ. ಅವರು ಬರೋದ್ರೊಳಗೆ ಇನ್ನೊಂದು ಹತ್ತು ಸಿಗುತ್ತೆ."

ಅವನು ಫೋನು ತೆಗೆದ. ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತ. ಕೊನೆಗೆ ಗಾಡಿ ಹತ್ತಿ, ಗೇಟಿನ ಕಡೆಗೆ ಹೋದ. ಕರೆದನೋ ಬಿಟ್ಟನೋ ಅವಳಿಗೆ ತಿಳಿಯಲಿಲ್ಲ. ಅವಳು ತಿರುಗಿ ನೋಡಲೂ ಇಲ್ಲ. ಇನ್ನೂ ಹನ್ನೆರಡು ಹಿಡಿದು ಇಟ್ಟಿಗೆ ಎತ್ತಿದಳು.

*

ಚರ್ಚಿನಲ್ಲಿ ಮುಂದಿನ ಸಾಲಿನ ಹೆಂಗಸು ಹಿಂದೆ ತಿರುಗಿ ಮೂಗು ಅರಳಿಸಿದಳು. "ಅಕ್ಕ, ಏನೋ ವಾಸನೆ?"

"ವರ್ನೀಸಳದು," ಅಂದಳು ಮೊಜೆಲ್. ಕೈಗವಸಿನೊಳಗೆ ಅವಳ ಉಗುರುಗಳಲ್ಲಿ ಇನ್ನೂ ಮೀನಿನ ಹುರುಪೆ ಇತ್ತು.

ಮಣ್ಣು ಮುಗಿಸಿ ಬಂದಾಗ ಚರ್ಚಿನ ಅಡುಗೆಮನೆಯಲ್ಲಿ ಪಾಸ್ಟರ್ ಗ್ರಿಗ್ಸ್ ನಿಂತಿದ್ದರು. ಒಂದು ಕಡೆ ಶೆರೆಲ್ ಉಜ್ಜಿ ತೊಳೆದಿಟ್ಟ ಮೀನು. ಇನ್ನೊಂದು ಕಡೆ, ಫ್ರೀಜರಿನಿಂದ ತಂದದ್ದೂ ಸೇರಿ, ನಲವತ್ತು ಪೆಟ್ಟಿಗೆ ಕೋಳಿ.

"ಸಿಸ್ಟರ್ ಮೊಜೆಲ್, ಜನ ತೊಂಬತ್ತು. ಮೀನು ಮೂವತ್ತೆಂಟು. ಐದು ಸಾವಿರ ಜನಕ್ಕೆ ಉಣಿಸೋಕೆ ಯೇಸು ಕರ್ತನಿಗೆ ಎರಡೇ ಮೀನು ಸಾಕಾಗಿತ್ತು, ನಿಮಗೆ ಸಾಕಾಗುತ್ತಾ?"

"ಕರ್ತನಿಗೆ ಅಡುಗೆಮನೇಲಿ ನಮ್ಮಂಥ ಹೆಂಗಸರಿರಲಿಲ್ಲ, ಪಾಸ್ಟರ್. ಸೊಪ್ಪಿದೆ, ಹುರುಳಿಕಾಯಿದೆ, ಮೆಕ್ಕೆಜೋಳದ ಬ್ರೆಡ್ಡಿದೆ. ಮೀನು ತುಂಡು ತುಂಡು ಮಾಡಿ ಬಡಿಸ್ತೀವಿ."

"ಕಂಪನಿ ಪ್ರೀತಿಯಿಂದ ಕಳಿಸಿದೆ. ಹೋದ ವರ್ಷ ನಮ್ಮ ಚರ್ಚಿನ ಸೂರು ಹಾಕಿಸಿಕೊಟ್ಟೋರೂ ಅವರೇ. ಅವರ ಮ್ಯಾನೇಜರು ಹೊರಗೆ ಕೂತಿದಾರೆ. ಮುಖ ಹೇಗೆ ತೋರ್ಸೋದು?"

ಒಲೆಯ ಮುಂದಿದ್ದ ಐವರು ಹೆಂಗಸರೂ ಕೈ ನಿಲ್ಲಿಸಿದರು. ಅವರಲ್ಲಿ ಮೂವರ ಮಕ್ಕಳು ಈಗಲೂ ಅದೇ ಕಾರ್ಖಾನೆಯಲ್ಲಿದ್ದರು.

"ಆ ಮುಖಕ್ಕೂ ಒಂದು ತುಂಡು ಬಡಿಸ್ತೀನಿ," ಅಂದಳು ಮೊಜೆಲ್. "ಸೂರು ಬೇಕಾದ್ರೆ ಬಿಚ್ಕೊಂಡು ಹೋಗಲಿ. ಅವಳಿಗೆ ಮಾತು ಕೊಟ್ಟಿದ್ದು ನಾನು."

ಎಲ್ಲರಿಗಿಂತ ಹಿರಿಯವಳು ಸೊಂಟದ ಬಟ್ಟೆಯಿಂದ ಕೈ ಒರೆಸಿಕೊಂಡು ಬಂದಳು. ಮೇಲಿನ ಪೆಟ್ಟಿಗೆಯೊಂದನ್ನು ಎತ್ತಿ ಹಿತ್ತಲ ಬಾಗಿಲಿನಿಂದ ಆಚೆ ಇಟ್ಟಳು. ಇನ್ನೊಬ್ಬಳು ಎರಡನೆಯದನ್ನು ಎತ್ತಿಕೊಂಡಳು. ಬಾಣಲೆಯಲ್ಲಿ ಎಣ್ಣೆ ಚಟಪಟ ಅನ್ನತೊಡಗಿತು.

ಊಟದ ಕೋಣೆ ಮೊದಲು ಗಲಗಲ ಅನ್ನುತ್ತಿತ್ತು. ತುಂಡುಗಳು ತಟ್ಟೆಗೆ ಬಿದ್ದಂತೆ ಸದ್ದು ಅಡಗಿತು. ಬ್ರಿಮ್ ತಿನ್ನುತ್ತ ಮಾತಾಡಲಾಗದು, ಅದರ ಮೈಯೆಲ್ಲ ಮುಳ್ಳು. ಮ್ಯಾನೇಜರು ಫೋರ್ಕಿನಿಂದ ತನ್ನ ತುಂಡನ್ನು ಆಚೀಚೆ ತಳ್ಳುತ್ತಿದ್ದ. ಕಂಪನಿಗೆ ವಂದನೆ ಓದಲೆಂದು ಕಾಗದ ಹಿಡಿದು ಎದ್ದಿದ್ದ ಪಾಸ್ಟರ್, ಬಾಯಲ್ಲಿ ಮುಳ್ಳು ಸಿಕ್ಕಿ, ಮತ್ತೆ ಕೂತರು. ಕಿಟಕಿಯ ಪಕ್ಕದ ಉದ್ದನೆ ಮೇಜಿಗೆ ಮೊಜೆಲ್ ಜೊತೆ ಹನ್ನೊಂದು ಹೆಂಗಸರು ಕೂತಿದ್ದರು. ಎಲ್ಲರೂ ಒಂದು ಕಾಲಕ್ಕೆ ಕಾರ್ಖಾನೆಯ ಕೋಳಿ ಕತ್ತರಿ ಹಿಡಿದವರೇ. ಅದನ್ನು ಹಿಡಿದು ಹಿಡಿದು ಬೆರಳುಗಳೆಲ್ಲ ಕೊಕ್ಕೆಯಾಗಿ ಸೆಟೆದಿದ್ದವು. ಆ ಬೆಳಿಗ್ಗೆ ರವಿಕೆಯ ಗುಂಡಿಯನ್ನು ಮಗಳ ಕೈಲೋ ಸೊಸೆಯ ಕೈಲೋ ಹಾಕಿಸಿಕೊಂಡು ಬಂದ ಬೆರಳುಗಳು. ಅವೀಗ ಬಿಳಿ ಮಾಂಸವನ್ನು ಮೆತ್ತಗೆ ಬಿಡಿಸಿ, ಕೂದಲೆಳೆಯಂಥ ಮುಳ್ಳುಗಳನ್ನು ಒಂದೊಂದಾಗಿ ಎಳೆದು, ಒಂದನ್ನೂ ಮುರಿಯದೆ ತಟ್ಟೆಯ ಅಂಚಿನಲ್ಲಿ ಸಾಲಾಗಿ ಮಲಗಿಸುತ್ತಿದ್ದವು.