ಕೆತ್ತದೆ ಬಿಟ್ಟ ಆಕಾಶ

ಆಕಾಶವನ್ನು ಕೆತ್ತಿಬಿಡುವುದೋ, ಹಾಗೇ ಬಿಡುವುದೋ? ಉಳಿಯನ್ನು ಹಲಗೆಯ ಮೇಲಿಟ್ಟು ಯಂಕೋಬ ಮತ್ತೆ ಎತ್ತಿಕೊಂಡ. ಕೆತ್ತಿದಲ್ಲಿ ಕಾಗದ ಬೆಳ್ಳಗೆ ಉಳಿಯುತ್ತದೆ, ಕೆತ್ತದೆ ಬಿಟ್ಟಲ್ಲಿ ಮಸಿ ಹತ್ತುತ್ತದೆ; ಒಮ್ಮೆ ಕೆತ್ತಿದ ಮರ ಮತ್ತೆ ಕೂಡುವುದಿಲ್ಲ. ಅಚ್ಚು ತೆಗೆಯಲೆಂದು ಇಷ್ಟು ವರ್ಷ ಮರದಲ್ಲಿ ಹೊಲ ಕೆತ್ತಿದ್ದಾನೆ, ಎತ್ತು ಕೆತ್ತಿದ್ದಾನೆ, ಹತ್ತಿ ಬಿಡಿಸುವ ಹೆಂಗಸರ ಬಾಗಿದ ಬೆನ್ನು ಕೆತ್ತಿದ್ದಾನೆ. ಆಕಾಶಕ್ಕೆ ಮಾತ್ರ ಒಂದು ಗೀರೂ ಹಾಕಿದವನಲ್ಲ. ಹಾಕದಿದ್ದರೂ ಅದು ಕಾಗದದ ಮೇಲೆ ಬಂದು ಕೂರುತ್ತಿತ್ತು, ಸುಗ್ಗಿಯ ದೂಳು ಎದ್ದಂತೆ ಬೂದು ಬೂದಾಗಿ. ನೋಡಿದವರು ಮೊದಲು ಅದನ್ನೇ ಹೊಗಳುತ್ತಿದ್ದರು. ಅದು ತನ್ನ ಕೈಗುಣ ಎಂದೇ ಅವನೂ ನಂಬಿದ್ದ.

ಈಗ ಪಕ್ಕದಲ್ಲಿ ಒಣಗುತ್ತಿದ್ದ ಕಾಗದದಲ್ಲಿ ಆಕಾಶ ರೊಟ್ಟಿ ಹಂಚಿನ ತಳದಂತೆ ಕಪ್ಪಗಿತ್ತು.

ಯಂತ್ರ ಬಂದದ್ದು ಹಿಂದಿನ ದಿನ. ರಾಯಚೂರಿನಲ್ಲಿ ಮದುವೆ ಕಾರ್ಡು ಅಚ್ಚು ಹಾಕುತ್ತಿದ್ದ ಗೆಳೆಯ ವಲಿ ಪಾಷಾ ಅಂಗಡಿ ಮುಚ್ಚುವಾಗ, ಪ್ರೂಫ್ ತೆಗೆಯುವ ಕೈಯಂತ್ರವನ್ನು ಟೆಂಪೋಗೆ ಹಾಕಿಸಿ ದೇವದುರ್ಗಕ್ಕೆ ತಂದು ಇಳಿಸಿದ್ದ. "ಗುಜರಿಗೆ ಹಾಕಾಕ ನನ್ನ ಜೀವ ಒಪ್ಪಂಗಿಲ್ಲ ಮಾಸ್ತರ. ಭಾಭಿ ಭುಜಕ್ಕರ ಆರಾಮ ಸಿಗಲಿ," ಎಂದಿದ್ದ. ಹಲಗೆಗೆ ಮಸಿ ಸವರಿ, ಕಾಗದ ಹಾಸಿ, ಕಬ್ಬಿಣದ ಉರುಳೆಯನ್ನು ಒಮ್ಮೆ ದೂಡಿದರೆ ಮುಗಿಯಿತು.

ಅದಕ್ಕೂ ಮುಂಚೆ ಆ ಕೆಲಸಕ್ಕೆ ಹೆಂಡತಿ ಪಕೀರಮ್ಮ ಇದ್ದಳು. ಮಾನ್ವಿಯ ಶಾಲೆಯಲ್ಲಿ ಅವನು ಡ್ರಾಯಿಂಗ್ ಮಾಸ್ತರನಾಗಿದ್ದ ಕಾಲದಿಂದ ಅವನು ಕೆತ್ತುವುದು, ಅವಳು ತಿಕ್ಕುವುದು. ಮಸಿ ಹಚ್ಚಿದ ಹಲಗೆಯ ಮೇಲೆ ಕಾಗದ ಹಾಸಿ, ಹಿತ್ತಾಳೆ ಸೌಟನ್ನು ಬೋರಲು ಹಿಡಿದು, ಮೊಣಕಾಲೂರಿ ಕೂತು ತಿಕ್ಕುತ್ತಿದ್ದಳು. ಹೀಗೆ ತಿಕ್ಕು, ಹಾಗೆ ತಿಕ್ಕು ಎಂದು ಅವನು ಹೇಳಿಕೊಟ್ಟದ್ದು ಮೊದಲ ಸಲ ಮಾತ್ರ. ಆಮೇಲೆ ಕಾಗದ ಎತ್ತುವಾಗಷ್ಟೇ ಬಂದು ನೋಡುತ್ತಿದ್ದ. ಈಚೆಗೆ ಅವಳ ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಇನ್ನೂ ತ್ರಾಸು ಕೊಟ್ಟರೆ ಉಳಿದಷ್ಟೂ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಯಂಕೋಬ ಗೋಡೆಯಿಂದ ಅವಳು ತಿಕ್ಕಿದ ಹಳೆಯ ಅಚ್ಚೊಂದನ್ನು ಇಳಿಸಿ ಆ ಕಪ್ಪು ಆಕಾಶದ ಪಕ್ಕ ಇಟ್ಟ. ಮನುಷ್ಯರಿದ್ದ ಕಡೆ ಸೌಟು ಹೋಗಿ ಬಂದು, ಹೋಗಿ ಬಂದು ಮಸಿ ಗಟ್ಟಿಯಾಗಿ ಹತ್ತಿತ್ತು. ಮೇಲೆ ಹೋದಂತೆ ಕೈ ಹಗುರಾಗಿತ್ತು. ತುದಿಯಲ್ಲಿ ಸುಮ್ಮನೆ ಸವರಿ ಹೋಗಿತ್ತು. ಆ ಆಕಾಶ ಅವನ ಹಲಗೆಯಲ್ಲಿ ಎಂದೂ ಇರಲೇ ಇಲ್ಲ. ಅವಳು ಹಾಗೆ ತಿಕ್ಕುತ್ತಾಳೆಂಬುದು ಅವನ ಉಳಿಗೆ ಗೊತ್ತಿತ್ತೇನೋ. ಅವನಿಗೆ ಗೊತ್ತಾದದ್ದು ಈಗ.

ಪಕೀರಮ್ಮ ಎಡಗೈಯಲ್ಲಿ ಚಹಾ ಹಿಡಿದು ಬಂದಳು.

"ಏನ್ರೀ, ಮಿಷನ್ ಬಂದ ಮ್ಯಾಲ ಮಾತೇ ನಿಂತಾವ? ಅದರ ಜೋಡಿನೇ ಸಂಸಾರ ಮಾಡಾಕತ್ತೀರೇನು?"

"ನಿನಗಿಂತ ಕಮ್ಮಿ ಗದ್ದಲ ಮಾಡ್ತದ."

"ಗದ್ದಲಾನೂ ಮಾಡಂಗಿಲ್ಲ, ಚಾನೂ ಮಾಡಂಗಿಲ್ಲ. ತಗೋರಿ." ಲೋಟ ಇಟ್ಟು ಅವಳು ಕಾಗದದತ್ತ ಬಗ್ಗಿದಳು. "ಅಯ್ಯ, ಇದೇನು ಇಷ್ಟ್ ಕರ್ರಗ ಬಂದದ?"

"ಮಸಿ ಜಾಸ್ತಿ ಆಗ್ಯದ."

"ಮುಂದಿನ ವಾರ ರಾಯಚೂರಾಗ ನಿಮ್ಮ ಇಡೀ ಜೀವಮಾನದ ಕೆಲಸ ತೂಗು ಹಾಕ್ತಾರ. ಅಲ್ಲಿ ಇಂಥಾದು ಹಾಕ್ತೀರೇನು? ಸರೀರಿ, ಒಂದ್ ನಾ ತಿಕ್ಕಿ ಕೊಡ್ತೀನಿ."

ಮೊಳೆಗೆ ತೂಗುಹಾಕಿದ್ದ ಸೌಟನ್ನು ಎಡಗೈಯಿಂದ ತೆಗೆದು ಬಲಗೈಗೆ ಬದಲಿಸಿದಳು. ಕೈ ಅರ್ಧಕ್ಕೆ ಎದ್ದು ನಿಂತಿತು. ಅವಳು ತುಟಿ ಕಚ್ಚಿದಳು. ಅವನು ಸೌಟನ್ನು ಮೆಲ್ಲಗೆ ಬಿಡಿಸಿಕೊಂಡ.

"ಬ್ಯಾಡಲೇ. ಮಿಷನ್ ಚಲೋ ತೆಗಿತದ. ಆಕಾಶ ಕೆತ್ತೋದು ನಾನೇ ಮರ್ತಿದ್ದೆ."

ಆ ದಿನವೆಲ್ಲ ಅವನು ಆಕಾಶ ಕೆತ್ತಿದ. ಕೂದಲೆಳೆಯಂಥ ಗೆರೆಗಳು, ಒಂದರ ಪಕ್ಕ ಒಂದು. ಮರದ ಸಿಪ್ಪೆ ಮಡಿಲಲ್ಲಿ ಉದುರಿ ಗುಡ್ಡೆಯಾಯಿತು. ಇಳಿಹೊತ್ತಿಗೆ ಉರುಳೆ ದೂಡಿ ಕಾಗದ ಎತ್ತಿದ. ತಪ್ಪು ಹುಡುಕಿದರೂ ಸಿಗದಂತಿತ್ತು, ಅಂಗಡಿಯಿಂದ ಈಗಷ್ಟೇ ತಂದ ಸ್ಟೀಲ್ ತಟ್ಟೆಯ ಹಾಗೆ.

"ಹೆಂಗ ಬಂದದ?" ಎಂದಳು ಪಕೀರಮ್ಮ.

"ಚಲೋ ಬಂದದ. ನಿನ್ನ ಸೌಟಿಗಿಂತ ಚಲೋ."

ಅವಳು ನಕ್ಕಳು. "ಹಂಗಾರ ಇಷ್ಟ್ ವರ್ಷ ನಿಮ್ಮ ಚಿತ್ರ ನಾನೇ ಕೆಡಿಸಿದ್ನೇನ್ರೀ?" ನಗುತ್ತಲೇ ಕೇಳಿದಳು. ಕೇಳಿದ ಮೇಲೆ ಹೋಗಲಿಲ್ಲ, ಬಾಗಿಲಿಗೆ ಆತುಕೊಂಡು ನಿಂತಳು.

ಯಂಕೋಬ ಉರುಳೆಯ ಮಸಿ ಒರೆಸತೊಡಗಿದ. "ಹುಚ್ಚಿ. ಆವಾಗ ಮಿಷನ್ ಎಲ್ಲಿತ್ತು?"

ಅವಳು ಸೌಟು ತೆಗೆದುಕೊಂಡು ಬಚ್ಚಲಿಗೆ ಹೋದಳು. ಸೀಮೆಎಣ್ಣೆ ಹಾಕಿ ಒರೆಸಿ, ಹುಣಸೆಹಣ್ಣು, ಬೂದಿ ಹಾಕಿ ಎಡಗೈಯಿಂದಲೇ ತಿಕ್ಕುವ ಸಪ್ಪಳ ಬಹಳ ಹೊತ್ತು ಕೇಳಿತು. ಊಟಕ್ಕೆ ಕೂತಾಗ ಅದೇ ಸೌಟಿನಿಂದ ಸಾರು ಬಡಿಸಿದಳು. ವರ್ಷಗಳ ಕಪ್ಪು ಹೋಗಿ ಅದು ಚಿನ್ನದ ಹಾಗೆ ಹೊಳೆಯುತ್ತಿತ್ತು.

"ಇನ್ನ ಇದು ಅಡಿಗಿಗೆ ಆತು ನೋಡ್ರಿ," ಎಂದಳು.

ರಾಯಚೂರಿನ ಪ್ರದರ್ಶನಕ್ಕೆ ಅವಳು ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಬಂದಳು. ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಶೈಲಜಾ ಎಂಬಾಕೆ ಹಳೆಯ ಅಚ್ಚುಗಳ ಮುಂದೆ ನಿಂತವಳು ಕದಲಲಿಲ್ಲ.

"ಸರ್, ಇವುಗಳೊಳಗ ಆಕಾಶ ಬ್ಯಾರೇನೇ ಅದರಿ. ಉಸಿರಾಡಿದಂಗ ಅದ. ಹೊಸಾದ್ರಾಗ ಅದು ಇಲ್ಲ. ಹೆಂಗ ಮಾಡ್ತಿದ್ರಿ?"

ಯಂಕೋಬ ಬಾಯಿ ತೆರೆಯುವ ಮೊದಲೇ ಪಕೀರಮ್ಮ ನಾಚಿಕೊಂಡು ಹೇಳಿದಳು: "ಆವಾಗ ಮಿಷನ್ ಇರಲಿಲ್ಲವ್ವಾ. ಕೈಲೆ ತಿಕ್ಕಿದ್ದು. ಅಲ್ಲಲ್ಲಿ ಮಾಸಿ ಬಂದಾವ, ತಪ್ಪು ತಿಳಕೋಬ್ಯಾಡ."

ಶೈಲಜಾ ಅವನ ಮುಖ ನೋಡಿದಳು. ಅವನು ಅಚ್ಚಿನ ಕೆಳಗಿದ್ದ ತನ್ನ ಸಹಿಯನ್ನು ನೋಡುತ್ತ ನಿಂತ. ಒಂದು ಮಾತು ಹೇಳಿದರೆ ಸಾಕು, ಮನೆಗೆ ಹೋದೊಡನೆ ಪಕೀರಮ್ಮ ತಿಕ್ಕಲೆಂದು ಮತ್ತೆ ಆ ಸೌಟನ್ನು ಬಲಗೈಗೆ ತೆಗೆದುಕೊಳ್ಳುತ್ತಾಳೆ. ಅದಕ್ಕೇ ಸುಮ್ಮನಿದ್ದೇನೆ ಎಂದುಕೊಂಡ. ಅದೊಂದೇ ಕಾರಣವೋ ಎಂಬುದು ಅವನಿಗೂ ಖಾತ್ರಿ ಇರಲಿಲ್ಲ.

ಆ ಆಕಾಶ ನಿನ್ನದು ಎಂದು ಯಂಕೋಬ ಪಕೀರಮ್ಮನಿಗೆ ಎಂದೂ ಹೇಳಲಿಲ್ಲ.